ಉಪ್ಪಿನವ್ವನ ಏರು

ಕರಿಗುಡ್ಡದಹಟ್ಟಿಯಿಂದ ಪಡುವಣಕ್ಕೆ ಎರಡು ಹರದಾರಿ ನಡೆದರೆ ನೆಲ ಇದ್ದಕ್ಕಿದ್ದಂತೆ ಬಾಯಿ ಬಿಡುತ್ತದೆ. ಅಲ್ಲಿಯವರೆಗೆ ಜಾಲಿಮುಳ್ಳು, ಕೆಂಪು ಹರಳು, ಬಿಸಿಲು. ಮುಂದಿನ ಹೆಜ್ಜೆಗೆ ಪಾತಾಳ. ಇದೇ ಕೆಂಗೊಳ್ಳ. ಸುತ್ತ ಹನಿ ನೀರಿಲ್ಲದಿದ್ದರೂ ತಳದ ಮಡುವೊಂದು ಬೇಸಿಗೆಯಲ್ಲೂ ಬತ್ತುವುದಿಲ್ಲ. ಈಗೀಗ ಬೆನ್ನಿಗೆ ಚೀಲ ಕಟ್ಟಿಕೊಂಡ ಪಟ್ಟಣದ ಮಂದಿ ಅದನ್ನು ನೋಡಲು ಬರುತ್ತಾರೆ. ಇಳಿಯುವಾಗ ಹಾಡು, ಏರುವಾಗ ಏದುಸಿರು. ಮೇಲೆ ಬರಲು ಬಂಡೆಯಲ್ಲಿ ಸವೆದ ಒಂದೇ ದಾರಿಯಿದೆ. ಅದರ ಬುಡದಲ್ಲಿ ‘ನಿರ್ಗಮನ ಮಾರ್ಗ’ ಎಂಬ ಫಲಕ ನೆಟ್ಟಿದ್ದಾರೆ. ನೆಟ್ಟವರಿಗೆ ದಾರಿ ಗೊತ್ತಿತ್ತು, ಕಥೆ ಗೊತ್ತಿರಲಿಲ್ಲ. ಹಟ್ಟಿಯವರು ಅದನ್ನು ಉಪ್ಪಿನವ್ವನ ಏರು ಎನ್ನುತ್ತಾರೆ. ಮೊದಲ ಮೆಟ್ಟಿಲಿನ ಪಕ್ಕದ ಮಸಿಹಿಡಿದ ಗುಂಡುಕಲ್ಲಿನ ಮೇಲೆ ಚಿಟಿಕೆ ಉಪ್ಪಿಡದೆ ಅವರು ಕಾಲೆತ್ತುವುದಿಲ್ಲ.

ಹಿಂದೆ ಒಮ್ಮೆ, ಫಲಕಗಳಿಲ್ಲದ ಕಾಲದಲ್ಲಿ, ಹಟ್ಟಿಯ ಕುರುಬರು ಬೇಸಿಗೆಯ ನಾಲ್ಕು ತಿಂಗಳು ಕುರಿಗಳೊಡನೆ ಆ ಮಡುವಿನ ಬಳಿ ಬೀಡುಬಿಡುತ್ತಿದ್ದರಂತೆ. ಮೊದಲ ಮಳೆಯ ಮೋಡ ಕಂಡ ದಿನ ಮೇಲೇರುವರು. ಹೊರಡುವ ಮುನ್ನ ಮನೆಯ ಕಿರಿಯ ಸೊಸೆ ಅಡುಗೆಯ ಒಲೆಯ ಮೂರು ಗುಂಡುಗಳನ್ನೂ ಕೆಡವಿ, ಬೂದಿಗೆ ನೀರು ಹೊಯ್ಯಬೇಕು. ನಿಂತ ಒಲೆಯನ್ನು ಬಿಟ್ಟುಹೋದರೆ ಸತ್ತವರು ಬಂದು ಹೊತ್ತಿಸುತ್ತಾರೆ, ಅದರ ಹೊಗೆ ಹಿಡಿದು ಹಿಂದೆಯೇ ಬರುತ್ತಾರೆ ಎಂಬುದು ಅವರ ನಂಬಿಕೆ. ಆ ವರ್ಷ ಕಿರಿಯ ಸೊಸೆಯಾಗಿದ್ದವಳು ಲಗಮವ್ವ, ಐದು ತಿಂಗಳ ಬಸುರಿ. ಹದಿನೆಂಟು ದಿನಗಳ ಹಿಂದೆ ಅವಳ ಗಂಡ ಮುತ್ತೆಪ್ಪ ಬಂಡೆಯಿಂದ ಜಾರಿ ಸತ್ತಿದ್ದ. ಮಡುವಿನ ದಂಡೆಯಲ್ಲೇ ಅವನನ್ನು ಮಣ್ಣು ಮಾಡಿದ್ದರು. ಎಲ್ಲರೂ ಗಂಟು ಹೊತ್ತು ನಡೆದ ಮೇಲೆ ಲಗಮವ್ವ ಒಲೆಯ ಮುಂದೆ ಕೂತಳು. ಒಂದು ಗುಂಡಿಗೆ ಕೈ ಹಚ್ಚಿದಳು, ಅದಿನ್ನೂ ಬೆಚ್ಚಗಿತ್ತು. ಮನುಷ್ಯ ಇಲ್ಲೇ ಇರುವಾಗ ಅವನ ಒಲೆ ಕೆಡವುವುದೆಂದರೇನು ಎನಿಸಿತು ಅವಳಿಗೆ. ಬೂದಿಯೊಳಗಿನ ಕೆಂಡವನ್ನು ಹಾಗೇ ಮುಚ್ಚಿ, ಪಕ್ಕದಲ್ಲಿ ಎರಡು ಹಿಡಿ ಜೋಳದ ಹಿಟ್ಟು ಇಟ್ಟು, ಎದ್ದು ಬಂದಳು.

ಮೈದುನ ಬರಮಣ್ಣ ಕುರಿಗಳ ಜೊತೆ ಮುಂದೆ ಹೋಗಿದ್ದ. ಹಿಂದೆ ಉಳಿದವರು ಲಗಮವ್ವ, ಅವಳ ಅತ್ತೆ ಹಾಲವ್ವ ಇಬ್ಬರೇ. ಹಾಲವ್ವನದು ಹಳೆಯ ಕೆಮ್ಮು. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಕೆಮ್ಮುವಳು. ಏರಿನ ನಡುವೆ ಒಂದು ಚಾಚುಬಂಡೆಯಿದೆ. ಅಲ್ಲಿಗೆ ಬರುವಾಗ ಹೊತ್ತು ಇಳಿದಿತ್ತು. ಗಾಳಿಯ ಸುಳಿವಿಲ್ಲ. ಆಗ ರೊಟ್ಟಿ ಬೇಯುವ ವಾಸನೆ ಬಂತು. ಇಬ್ಬರೂ ಕೆಳಗೆ ನೋಡಿದರು. ಬಿಟ್ಟುಬಂದ ಬೀಡಿನಿಂದ ಹೊಗೆ ನೂಲಿನ ಹಾಗೆ ನೆಟ್ಟಗೆ ಮೇಲೇಳುತ್ತಿತ್ತು. ಮನುಷ್ಯರಾರೂ ಕಾಣಲಿಲ್ಲ.

“ಕೆಡವಿಲ್ಲೇನವ್ವಾ?” ಎಂದಳು ಹಾಲವ್ವ. ಸೊಸೆ ತಲೆ ತಗ್ಗಿಸಿದಳು.

ಅಷ್ಟರಲ್ಲಿ ಕೆಳಗಿನಿಂದ ಕೂಗು ಬಂತು. ಸಿಟ್ಟಿಲ್ಲ, ಅಳುವಿಲ್ಲ, ಹಸಿದು ಮನೆಗೆ ಬಂದ ಗಂಡಸಿನ ದಿನನಿತ್ಯದ ದನಿ.

“ಲಗಮೀ, ಉಪ್ಪು ಎಲ್ಲಿಟ್ಟಿ?”

ಅದು ಮುತ್ತೆಪ್ಪನ ದನಿ. ಉಪ್ಪಿನ ಚೀಲ ಲಗಮವ್ವನ ಗಂಟಿನಲ್ಲೇ ಇತ್ತು. ಸತ್ತವರಿಗೆ ಇಡುವ ಎಡೆಗೆ ಹಟ್ಟಿಯವರು ಉಪ್ಪು ಹಾಕುವುದಿಲ್ಲ; ಸತ್ತವರು ಅದನ್ನು ಕೇಳುವುದೂ ಇಲ್ಲ. ಕೇಳುತ್ತಿದ್ದಾನೆಂದರೆ ತಾನು ಸತ್ತದ್ದು ಅವನಿಗೆ ತಿಳಿದಿಲ್ಲ. ಹೆದರಿಕೆಗಿಂತ ಮಿಗಿಲಾಗಿ ಅವಳಿಗೆ ಸಂಕಟವಾಯಿತು. ಎರಡನೆಯ ಸಲ ಅದೇ ಮಾತು ಬಂದಾಗ, ಈ ಸಲ ಬುಡದ ಮೆಟ್ಟಿಲಿನಿಂದ, ಅವಳ ಬಾಯಿ ತಾನಾಗಿ ತೆರೆಯಿತು. ಹಾಲವ್ವ ಅಂಗೈಯಿಂದ ಅದನ್ನು ಒತ್ತಿಹಿಡಿದಳು. ಓಗೊಟ್ಟವರು ಇಳಿದುಹೋಗಬೇಕು, ಮೂರನೆಯ ಕೂಗಿಗೂ ಯಾರೂ ಓಗೊಡದಿದ್ದರೆ ಅವನೇ ಏರಿ ಬರುತ್ತಾನೆ. ಇದು ಇಬ್ಬರಿಗೂ ಗೊತ್ತಿತ್ತು.

“ಹಸದಾನ್ರಿ ಅತ್ತೀ, ನಾ ಹೋಗ್ತೀನಿ,” ಎಂದು ಸೊಸೆ ಕೈ ಬಿಡಿಸಿಕೊಂಡಳು.

“ನಿನ್ನ ಹೊಟ್ಟ್ಯಾಗ ಇದ್ದದ್ದು ಮ್ಯಾಲೆ ಹೋಗ್ಲಿ. ನನ್ನ ಹೊಟ್ಟ್ಯಾಗ ಹುಟ್ಟಿದ್ದು ಕೆಳಗೈತಿ. ತಾ ಇಲ್ಲಿ ಉಪ್ಪು.” ಚೀಲ ಕಸಿದುಕೊಂಡು ಮುದುಕಿ ಕೊಳ್ಳದ ಕಡೆ ತಿರುಗಿ, “ಬಂದೆ, ತಡಿಯಪ್ಪಾ!” ಎಂದು ಕೂಗಿದಳು. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂದು ನಾವು ಶಾಲೆಯ ಗೋಡೆಯ ಮೇಲೆ ಬರೆಸಿ ಮರೆಯುತ್ತೇವೆ. ಹಾಲವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಕೆಮ್ಮುತ್ತ ಇಳಿದಳು. ಕೆಮ್ಮು ಕ್ಷೀಣವಾಗುತ್ತ ಹೋಗಿ ನಿಂತಿತು. ಎಷ್ಟೋ ಹೊತ್ತಿನ ಮೇಲೆ ಗುಂಡು ಉರುಳಿದ ಸದ್ದು ಕೇಳಿತು. ಇನ್ನೊಂದು ಉರುಳಿತು. ಮೂರನೆಯದಕ್ಕೆ ಲಗಮವ್ವ ಕಿವಿಗೊಟ್ಟು ಕೂತಳು; ಅದು ಉರುಳಲಿಲ್ಲ. ಹೊಗೆ ಮಾತ್ರ ಅಡಗಿತು. ಬರಮಣ್ಣ ಮೇಲಿನಿಂದ ಹುಡುಕಿಕೊಂಡು ಬಂದು ಅವಳನ್ನು ತೋಳು ಹಿಡಿದು ಮೇಲಕ್ಕೆ ಕರೆದೊಯ್ದ.

ಬೆಳಗಾದ ಮೇಲೆ ಬರಮಣ್ಣ ನಾಲ್ವರನ್ನು ಕಟ್ಟಿಕೊಂಡು ಇಳಿದ. ಎರಡು ಗುಂಡು ಬಿದ್ದಿದ್ದವು. ಮೂರನೆಯದು ಒಲೆಯಲ್ಲಿರಲಿಲ್ಲ, ಏರಿನ ಬುಡದಲ್ಲಿ ನೆಟ್ಟಗೆ ನಿಂತಿತ್ತು, ಬಾಗಿಲಲ್ಲಿ ಯಾರೋ ಕಾವಲು ಕೂತ ಹಾಗೆ. ಅದರ ಕೆಳಗೆ ಉಪ್ಪಿನ ಬರಿಚೀಲ ಮಡಿಸಿಟ್ಟಿತ್ತು. ಹಾಲವ್ವ ಇರಲಿಲ್ಲ, ಅವಳ ಹೆಜ್ಜೆಗುರುತೂ ಇರಲಿಲ್ಲ. ಎರಡನ್ನು ಪದ್ಧತಿಗಾಗಿ ಕೆಡವಿದಳು, ಒಂದನ್ನು ಮಗನಿಗಾಗಿ ಉಳಿಸಿಕೊಂಡಳು ಎನ್ನುತ್ತಾರೆ. ಮರುವರ್ಷ ಬೀಡು ಮುಗಿಸಿ, ಒಲೆಯನ್ನು ತಾನೇ ಕೆಡವಿ, ಲಗಮವ್ವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಏರುತ್ತಿದ್ದಳು. ಚಾಚುಬಂಡೆಯ ಬಳಿ ಅದೇ ದನಿ “ಲಗಮೀ” ಎಂದಿತು. ಅವಳು ತಿರುಗಲಿಲ್ಲ. ಕಣ್ಣೀರು ಇಳಿಯುತ್ತಿರಲು, “ಅವ್ವ ಅಲ್ಲೇ ಅದಾಳ, ಆಕಿನ್ನ ಕೇಳು,” ಎಂದಳು. ಕೆಳಗೆ ಒಂದು ಕೆಮ್ಮು ಕೇಳಿಸಿತು. ದನಿ ಸುಮ್ಮನಾಯಿತು.

ಆ ಗುಂಡು ಇಂದಿಗೂ ಅಲ್ಲೇ ನಿಂತಿದೆ. ಎಷ್ಟು ಮಳೆಗಾಲ ತೊಳೆದರೂ ಮಸಿ ಹೋಗಿಲ್ಲ. ಸಂಜೆ ಇಟ್ಟ ಉಪ್ಪು ಬೆಳಗಿಗೆ ಇರುವುದಿಲ್ಲ. ಕುರಿ ನೆಕ್ಕಿರಬೇಕು ಎಂದು ಪಟ್ಟಣದವರು ನಗುತ್ತಾರೆ. ಕುರಿಗಳು ಆ ಗುಂಡನ್ನು ಸುತ್ತುಹಾಕಿ ಹೋಗುವುದನ್ನು ಅವರು ನೋಡಿಲ್ಲ. ಚಾಚುಬಂಡೆಗೆ ಬರುವಷ್ಟರಲ್ಲಿ ನಗುವುದಕ್ಕೆ ಅವರಲ್ಲಿ ಉಸಿರೂ ಉಳಿದಿರುವುದಿಲ್ಲ. ಜೊತೆಯವರೆಲ್ಲ ಮುಂದೆ ಹೋಗಿರುವಾಗ ಹಿಂದಿನಿಂದ ಯಾರೋ ತಮ್ಮ ಹೆಸರು ಹಿಡಿದು ಕೂಗಿದಂತಾಗಿ ಕೆಲವರು ಅಲ್ಲಿ ನಿಲ್ಲುತ್ತಾರೆ. ಆಗ ದಾರಿ ತೋರಿಸುವ ಹಟ್ಟಿಯವನು ತಿರುಗಿ ನೋಡಲು ಬಿಡದೆ ಅವರ ತೋಳು ಹಿಡಿದು, “ಅವ್ವ ಅಲ್ಲೇ ಅದಾಳ ಅನ್ರಿ,” ಎನ್ನುತ್ತಾನೆ. ಅವರು ಅನ್ನುತ್ತಾರೆ. ಆಮೇಲೆ ಯಾರೂ ಕರೆಯುವುದಿಲ್ಲ.