ಬದು ಒತ್ತಿದವನು

"ಬುದ್ಧಿ, ನಾನು ನಿಂತಲ್ಲೇ ನಿಂತಿದ್ದೇನೆ. ದೂರ ಸರಿದವನು ಚೆನ್ನವೀರ. ಇನ್ನು ಅವನ ಪಕ್ಕದಲ್ಲಿ ಪಂಕ್ತಿಗೆ ಹೇಗೆ ಕೂರಲಿ?" ಎಂದು ಗುರುಶಾಂತ ಮಠದ ಗುರುಗಳನ್ನು ಕೇಳಿದ. ಅವನೂ ಚೆನ್ನವೀರನೂ ಒಂದೇ ಊರಿನವರು, ಕೂಡಿಯೇ ಮಠಕ್ಕೆ ಬಂದ ಶಿಷ್ಯರು. ಈಗ ಗುರುಶಾಂತ ಮಠ ಬಿಡಲೆಂದು ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ.

ಗುರುಗಳು ಗಂಟನ್ನು ನೋಡಿದರು. "ಹೋಗುವವನಿಗೆ ಒಂದು ಕತೆ ಭಾರವಾಗದು, ಕೂತು ಕೇಳು," ಎಂದರು.

ದೊಡ್ಡ ಬೆಟ್ಟಗಳ ಬುಡದಲ್ಲಿ ಒಬ್ಬ ರೈತನಿದ್ದ. ಅವನ ಹೊಲಕ್ಕೂ ನೆರೆಯವನ ಹೊಲಕ್ಕೂ ನಡುವೆ ಉದ್ದನೆಯದೊಂದು ಬದು. ಹಿರಿಯರು ಹಗ್ಗ ಹಿಡಿದು ನೇರವಾಗಿ ಹಾಕಿದ್ದು. ಬದುವಿನ ಈ ತುದಿಯಲ್ಲಿ ರೈತನ ಮನೆ, ಆ ತುದಿಯಲ್ಲಿ ನೆರೆಯವನ ಮನೆ.

ಒಂದು ಬೆಳಗ್ಗೆ ರೈತ ತನ್ನ ಬಾಗಿಲಲ್ಲಿ ನಿಂತು ಬದುವಿನ ಗುಂಟ ಕಣ್ಣು ಹಾಯಿಸಿದ. ಆ ತುದಿ ತನ್ನ ಹೊಲದೊಳಗೆ ಬಂದಂತೆ ಕಂಡಿತು. ನೆರೆಯವನು ಬದು ಒತ್ತಿದ್ದಾನೆ ಎಂದುಕೊಂಡ. ಬದು ಒತ್ತುವವನು ಒಂದೇ ದಿನಕ್ಕೆ ಒತ್ತುವುದಿಲ್ಲ, ಉಳುವಾಗೊಮ್ಮೆ ಇಷ್ಟಿಷ್ಟೇ ಕೆರೆಯುತ್ತಾನೆ. ಅಂದಿನಿಂದ ರೈತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ನೆರೆಯವನು ಗುದ್ದಲಿ ಹಿಡಿದರೆ ಇವನು ಊಟ ಬಿಟ್ಟು ಎದ್ದು ಬಂದು ನೋಡುವನು. ಕೂಡಿ ಆಡಿ ಬೆಳೆದವನು ಹೀಗೆ ಮಾಡಿದನಲ್ಲ ಎಂದು ಸಂಕಟಪಟ್ಟ. ನೆರೆಯವನೂ ಇವನನ್ನು ಕಂಡರೆ ಮುಖ ತಿರುಗಿಸತೊಡಗಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡ ರೈತ. ಅನುಮಾನಕ್ಕೆ ಇನ್ನೇನು ಸಾಕ್ಷಿ ಬೇಕು?

ಕೊನೆಗೆ ಅವನು ಕುಡುಗೋಲು ಹಿಡಿದು ಬದುವಿನ ನಡುವೆ ಹೋಗಿ ನಿಂತ. ನೆರೆಯವನೂ ಕುಡುಗೋಲು ಹಿಡಿದೇ ಬಂದ.

"ಬದು ಯಾಕೋ ಒತ್ತಿದೆ ನೀನು? ಬಾಯಿಬಿಟ್ಟು ಕೇಳಿದ್ದರೆ ನಾನೇ ಕೊಡುತ್ತಿರಲಿಲ್ಲವೇನೋ?" ಎಂದ ರೈತ.

"ಒತ್ತಿದವನು ನೀನು. ನನ್ನ ಬಾಗಿಲಲ್ಲಿ ನಿಂತು ನೋಡು ಬಾ, ನಿನ್ನ ತುದಿ ನನ್ನ ಹೊಲದೊಳಗಿದೆ."

ರೈತ ಕುಡುಗೋಲು ಎತ್ತಿದ. ಆಗ ನೆಲ ನಡುಗಿತು. ಕುಡುಗೋಲುಗಳು ಬಿದ್ದವು. ಹಿಡಿಯಲು ಬೇರೇನೂ ಸಿಗದೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡರು. ನಡುಕ ನಿಂತ ಮೇಲೆ ನೋಡಿದರೆ, ಅವರ ಕಾಲ ಬಳಿಯಲ್ಲೇ ಬದು ತುಂಡಾಗಿತ್ತು. ಒಂದು ತುಂಡು ಅತ್ತ, ಒಂದು ತುಂಡು ಇತ್ತ, ಒಂದು ಗೇಣು ಸರಿದಿತ್ತು. ಯಾರೂ ಗುದ್ದಲಿ ಮುಟ್ಟಿರಲಿಲ್ಲ.

"ನೆಲದಡಿಯಲ್ಲಿ ಭಾರಿ ಕಲ್ಲಿನ ಚಪ್ಪಡಿಗಳಿವೆ," ಎಂದರು ಗುರುಗಳು. "ದೇಶಗಳನ್ನೂ ಕಡಲುಗಳನ್ನೂ ಹೊತ್ತು, ವರ್ಷಕ್ಕೆ ಉಗುರು ಬೆಳೆಯುವಷ್ಟು ಸರಿಯುತ್ತವೆ. ಒಂದನ್ನೊಂದು ಒತ್ತಿದಲ್ಲಿ ಬೆಟ್ಟ ಏಳುತ್ತದೆ, ಉಜ್ಜಿದಲ್ಲಿ ನೆಲ ಬಿರಿಯುತ್ತದೆ. ಅಂಥ ಒಂದು ಬಿರುಕು ಆ ಬದುವಿಗೆ ಅಡ್ಡಲಾಗಿ ಹಾದಿತ್ತು. ಅದರ ಆಚೆಗೊಂದು ಮನೆ, ಈಚೆಗೊಂದು ಮನೆ. ತಾತಂದಿರ ಕಾಲದಿಂದಲೂ ಎರಡೂ ಸರಿಯುತ್ತಲೇ ಇದ್ದವು, ಬಾಗಿಲಲ್ಲಿ ನಿಂತವರ ಸಮೇತ."

ಗುರುಶಾಂತನಿಗೆ ತಾನು ಕೂತ ನೆಲವನ್ನು ಕಂಡೇ ಹೆದರಿಕೆಯಾಯಿತು. ಗಂಟನ್ನು ಬಿಗಿಯಾಗಿ ಹಿಡಿದುಕೊಂಡ. "ಹಾಗಾದರೆ ತಪ್ಪು ಯಾರದು, ಬುದ್ಧಿ?"

"ನಿಂತಲ್ಲೇ ನಿಂತಿದ್ದೇನೆ ಎಂದೆಯಲ್ಲ ಮಗೂ, ನೀನು ನಿಂತದ್ದು ಯಾವುದರ ಮೇಲೆ?"