ಟಕ್ ಟಕ್ ಸ್ಟೂಲಿನ ನ್ಯಾಯ

ಊರು ಯಾವುದಾದರೂ ಆಗಲಿ, ಕತೆಗೊಬ್ಬಳು ತಾಯಿ ಬೇಕು, ತಾಯಿಗೊಬ್ಬ ಮಗ ಬೇಕು. ಈ ಕತೆಯ ತಾಯಿ ಓಬಳಮ್ಮ. ಮಗ ಉಗ್ರಪ್ಪ. ಹೆಸರು ಉಗ್ರಪ್ಪ, ಮನುಷ್ಯ ಬೆಣ್ಣೆ. ಮೀಸೆ ಬಂದು ಏಳು ವರ್ಷವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹೇಳಿದ ಮಾತನ್ನು ಒಂದಕ್ಷರ ಬಿಡದೆ ಮಾಡುವ ಮಗ. ಅದೇ ಓಬಳಮ್ಮನ ಸಂಕಟ.

"ದೇವರೇ, ಮಾತು ಕೇಳದ ಮಕ್ಕಳನ್ನ ಊರಿಗೆಲ್ಲ ಕೊಟ್ಟೆ. ನನಗೊಬ್ಬಳಿಗೆ ಯಾಕಪ್ಪ ಮಾತು ಕೇಳೋ ಮಗನ್ನ ಕೊಟ್ಟೆ!" ಅಂತ ಅವಳು ದಿನಕ್ಕೊಂದು ಸಲವಾದರೂ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಓಬಳಮ್ಮನದು ದೋಸೆ ವ್ಯಾಪಾರ. ಮುಂದಿನ ಕೋಣೆಯಲ್ಲಿ ಒಲೆ, ಒಲೆಯ ಮುಂದೆ ನೆಲ, ನೆಲದ ಮೇಲೆ ಓಬಳಮ್ಮ. ಮೂವತ್ತು ವರ್ಷ ಹಾಗೇ ಕೂತೂ ಕೂತೂ ಮಂಡಿ ಹಿಡಿದುಹೋಯಿತು. ಆಸ್ಪತ್ರೆ ಡಾಕ್ಟರು, "ಇನ್ನು ನೆಲಕ್ಕೆ ಕೂತರೆ ಏಳೋದನ್ನ ಮರೆತುಬಿಡಮ್ಮ" ಅಂದುಬಿಟ್ಟರು. ನೆಲಕ್ಕೆ ಕೂರದೆ ದೋಸೆ ಹುಯ್ಯುವುದು ಹೇಗೆ? ದೋಸೆ ಹುಯ್ಯದೆ ಇಬ್ಬರ ಹೊಟ್ಟೆ ತುಂಬುವುದು ಹೇಗೆ? ಇಟ್ಟಿಗೆ ಜೋಡಿಸಿ ಒಲೆಯನ್ನು ಎತ್ತರ ಮಾಡಿಕೊಂಡಳು. ಇನ್ನು ಕೂರಲಿಕ್ಕೊಂದು ಸ್ಟೂಲು ಬೇಕು.

"ಲೇ ಉಗ್ರಾ, ಪೇಟೆ ಪಾಲಾಕ್ಷಪ್ಪನ ಫರ್ನಿಚರ್ ಅಂಗಡೀಲಿ ಅಗ್ಗದ ಸ್ಟೂಲು ಬಂದಾವಂತೆ. ಹೋಗಿ ಒಂದು ತಗೊಂಡ್ ಬಾ. ಚೆನ್ನಾಗಿ ನೋಡಿ ತಗೊಂಡ್ ಬಾ!"

"ಆಯ್ತು ಕಣವ್ವ!"

ಹೋದ. ನೋಡಿದ. ನಿಂತು ನೋಡಿದ, ಬಗ್ಗಿ ನೋಡಿದ, ಒಂದು ಕಣ್ಣು ಮುಚ್ಚಿ ನೋಡಿದ. ಪಾಲಾಕ್ಷಪ್ಪ ಮನೆಗೆ ಹೋಗಿ ಊಟ ಮಾಡಿ ಬಂದ. ಇವನು ನೋಡುತ್ತಲೇ ಇದ್ದ.

"ಏನಯ್ಯ, ಕೊಂಡ್ಕೊಳ್ತೀಯೋ, ಬರೀ ದೃಷ್ಟಿ ಹಾಕ್ತೀಯೋ?"

"ಆಯ್ತು ಸಾವ್ಕಾರ್ರೆ, ಚೆನ್ನಾಗಿ ನೋಡ್ದೆ. ಕೊಡಿ."

ಮಾರನೆಯ ಬೆಳಿಗ್ಗೆ ಓಬಳಮ್ಮ ಸ್ಟೂಲಿನ ಮೇಲೆ ಕೂತಳು. ಟಕ್! ಸೌಟು ಎತ್ತಿದಳು. ಟಕ್! ಒಂದು ಕಾಲು ಮೋಟು. ಇತ್ತ ವಾಲಿದರೆ ಟಕ್, ಅತ್ತ ವಾಲಿದರೆ ಟಕ್. ಒಂದು ದೋಸೆ ಕುದುರೆ ಲಾಳದ ಹಾಗೆ ಬಂತು, ಇನ್ನೊಂದು ಹಲ್ಲಿಯ ಹಾಗೆ ಬಂತು.

"ಓಬಳಮ್ಮ, ನಂಗೆ ಬಾಲ ಇರೋದು ಬ್ಯಾಡ, ತಲೆ ಇರೋದು ಕೊಡು!" ಅಂತ ಗಿರಾಕಿಗಳು ನಕ್ಕರು.

ಮೂರನೆಯ ದೋಸೆಗೆ ಸ್ಟೂಲು ಜೋರಾಗಿ ವಾಲಿತು, ಓಬಳಮ್ಮನ ಅಂಗೈ ಹೋಗಿ ಕಾವಲಿಗೆ ಊರಿತು. ಚುರ್ರ್!

"ಅಯ್ಯಯ್ಯೋ! ಲೇ, ನೋಡಿ ತಗೊಂಡ್ ಬಾ ಅಂದಿರಲಿಲ್ವೇನೋ!"

"ನೋಡ್ದೆ ಕಣವ್ವ! ಬೆಳಗ್ಗಿಂದ ಮಧ್ಯಾಹ್ನದ ಗಂಟ ನೋಡ್ದೆ!"

"ಬರೀ ನೋಡಿದ್ರೆ ಗೊತ್ತಾಗ್ತದಾ, ಪೆದ್ದಪ್ಪ? ಮೇಲೆ ಕೂತು ನೋಡ್ಬೇಕು! ತಡಕೊಳ್ತದೋ ಇಲ್ವೋ ಅಂತ ತಿಳ್ಕೊಂಡು ಆಮೇಲೆ ತಗೋಬೇಕು!"

"ಹಂಗಾ? ಇನ್ಮೇಲೆ ಹಂಗೇ ಮಾಡ್ತೀನಿ ಕಣವ್ವ!"

ಸಂಜೆ ಚಟ್ನಿಗೆ ಟೊಮೊಟೊ ತರಲು ಕಳಿಸಿದಳು. ಹೋದವನು ಬಂದ. ಮುಂದಿನಿಂದ ನೋಡಿದರೆ ಸರಿಯಾಗೇ ಇದ್ದ. ತಿರುಗಿದ. ಪಂಚೆಯ ಹಿಂಭಾಗವೆಲ್ಲ ಕೆಂಪೋ ಕೆಂಪು!

"ಅಯ್ಯೋ ನನ್ ಮಗನೇ! ಯಾರ್ಲಾ ಹೊಡೆದ್ರು! ರಕ್ತ!"

"ರಕ್ತ ಅಲ್ಲ ಕಣವ್ವ, ಟೊಮೊಟೊ. ಕೂತು ನೋಡ್ದೆ. ಒಂದಾದ್ರೂ ತಡಕೊಳ್ಬೇಕಲ್ಲ! ಇಡೀ ಬುಟ್ಟಿ ಕಳಪೆ ಮಾಲು. ನಾನು ತಗೊಳ್ಳಲೇ ಇಲ್ಲ!"

"ಮಾರೋಳು ಏನಂದ್ಲೋ?"

"ಅಟ್ಟಿಸ್ಕೊಂಡು ಬಂದ್ಲು. ಪಾಪ, ಬೇರೆ ಬುಟ್ಟಿ ಕೊಡಾಕೆ ಅಂತ ಕಾಣ್ತದೆ. ನಾನು ನಿಲ್ಲಲಿಲ್ಲ."

ಆ ಟೊಮೊಟೊದವಳನ್ನು ಸಮಾಧಾನ ಮಾಡಲು ಓಬಳಮ್ಮ ಅವಳಿಗೆ ದಿನಾ ಬಿಟ್ಟಿ ದೋಸೆ ಕೊಡಬೇಕಾಯಿತು. ಕೊಡಲು ದೋಸೆ ಎಲ್ಲಿ? ಸ್ಟೂಲಿನ ಮೇಲೆ ಕೂತರೆ ಕೈ ಸುಡುತ್ತದೆ, ನೆಲಕ್ಕೆ ಕೂತರೆ ಮಂಡಿ ಸುಡುತ್ತದೆ. ಎರಡು ದಿನ ಒಲೆಯೇ ಹತ್ತಲಿಲ್ಲ. ಮೂರನೆಯ ದಿನ ಓಬಳಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ನೋಡು ಮಗ, ಕೆಟ್ಟ ಸ್ಟೂಲು ಕೊಟ್ಟೋನು ಪಾಲಾಕ್ಷಪ್ಪ. ಹೊತ್ಕೊಂಡು ಹೋಗು, ಅಲ್ಲಾಡ್ತದೆ ಅಂತ ಹೇಳು. ನಿನ್ ಬುದ್ಧಿ ಮಾತ್ರ ಓಡಿಸ್ಬೇಡ. ಅವನು ಏನು ಮಾಡು ಅಂತಾನೋ ಅದನ್ನ ಸರಿಯಾಗಿ ಕೇಳ್ಕೊಂಡು ಹಂಗೇ ಮಾಡು!"

"ಹಂಗೇ ಮಾಡ್ತೀನಿ ಕಣವ್ವ!"

ಪಾಲಾಕ್ಷಪ್ಪ ಸ್ಟೂಲನ್ನು ಒಂದು ಮೆತ್ತನೆಯ ಗೋಣಿಚೀಲದ ಮೇಲಿಟ್ಟು ಅಲುಗಿಸಿದ. ಸದ್ದಿಲ್ಲ.

"ಎಲ್ಲಯ್ಯ ಅಲ್ಲಾಡ್ತದೆ? ಸ್ಟೂಲು ಸರಿಯಾಗೇ ಐತೆ. ನಿಮ್ಮನೆ ನೆಲ ಸರಿಯಿಲ್ಲ!"

"ನೆಲಾನಾ?"

"ಹೂಂ, ನೆಲಾನೇ! ಮತ್ತೆ ಅಗ್ಗದ ಸ್ಟೂಲು ತಗೊಂಡು ಸಿಂಹಾಸನ ಆಗು ಅಂದ್ರೆ ಆಗ್ತದಾ? ಬೋರ್ಡ್ ನೋಡು ಅಲ್ಲಿ. ಮಾರಿದ ಸಾಮಾನು ವಾಪಸ್ ಪಡೆಯುವುದಿಲ್ಲ. ನಂಬಿಕೆ ಇಲ್ದಿದ್ರೆ ನಿಮ್ಮನೆ ನೆಲಾನೇ ತಂದು ತೋರ್ಸು, ಹೋಗು!"

ಉಗ್ರಪ್ಪ ಸರಿಯಾಗಿ ಕೇಳಿಕೊಂಡ. ಮನೆಗೆ ಬಂದ. ತಾಯಿ ನೀರಿಗೆ ಹೋಗಿದ್ದಳು. ಹಾರೆ ತಗೊಂಡ. ಅರ್ಧ ಗಂಟೆಯಲ್ಲಿ ಮಂಕರಿ ಹೊತ್ತು ಮತ್ತೆ ಅಂಗಡಿಯಲ್ಲಿದ್ದ. ಪಾಲಾಕ್ಷಪ್ಪನ ಹೊಳೆಯುವ ಟೈಲ್ಸಿನ ಮೇಲೆ ದಬದಬ ಸುರಿದ.

"ತಗೊಳ್ಳಿ ಸಾವ್ಕಾರ್ರೆ, ನೆಲ! ಇನ್ನೊಂದು ಮಂಕರಿ ತರ್ಲಾ? ಅದು ಬಚ್ಚಲ ಕಡೇದು."

ಪಾಲಾಕ್ಷಪ್ಪ ಕೂಗಿದ ಕೂಗಿಗೆ ಪಕ್ಕದಂಗಡಿಯವರು ಎದ್ದು ಬಂದರು. ಮಂಕರಿ, ಸ್ಟೂಲು, ಉಗ್ರಪ್ಪ ಮೂವರೂ ಒಟ್ಟಿಗೇ ಬೀದಿಗೆ ಬಿದ್ದರು.

ಇತ್ತ ಓಬಳಮ್ಮ ಕೊಡ ಹೊತ್ತು ಒಳಗೆ ಬಂದಳು, ಒಲೆಯ ಮುಂದೆ ಕಾಲಿಟ್ಟಳು, ಮೊಣಕಾಲಿನ ತನಕ ಇಳಿದಳು.

"ಲೇ ಉಗ್ರಾ! ನನ್ನ ನೆಲ ಎಲ್ಲೋ!"

"ಅಂಗಡೀಲೈತೆ ಕಣವ್ವ!" ಆಗ ತಾನೇ ಸ್ಟೂಲು ಹೊತ್ತು ಬಂದ ಉಗ್ರಪ್ಪ ಅಂದ.

ಅದೇ ಹೊತ್ತಿಗೆ ದೋಸೆ ಕೇಳಲು ಬಂದಿದ್ದ ಶಾಲೆಯ ವಿಶಾಲಾಕ್ಷಿ ಟೀಚರ್ ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಕೇಳಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು ಕೇಳಿದರು.

"ಬಿಲ್ಲು ಇದೆಯಾ ಓಬಳಮ್ಮ?"

"ಐತೆ ಟೀಚರ್. ಆದ್ರೆ ಅವನು ಬೋರ್ಡ್ ತೋರಿಸ್ತಾನಂತೆ. ಅಗ್ಗದ್ದು ಅಂತಾನಂತೆ. ಅಲ್ಲ, ಅಗ್ಗದ ಎಮ್ಮೆ ಆದ್ರೂ ಹಾಲು ಕೊಡ್ಬೇಕೋ ಬ್ಯಾಡ್ವೋ?"

"ಕೊಡಲೇಬೇಕು! ಸ್ಟೂಲು ಅಂತ ಮಾರಿದ ಮೇಲೆ ಕೂರೋಕೆ ಬರಬೇಕು. ಗೋಡೆಗೆ ಬೋರ್ಡ್ ಹಾಕಿದ ಮಾತ್ರಕ್ಕೆ ಕಾನೂನು ಆಗೋದಿಲ್ಲ. ಕೆಟ್ಟ ಸಾಮಾನು ಕೊಟ್ಟವನು ಒಂದೋ ರಿಪೇರಿ ಮಾಡಿಕೊಡಬೇಕು, ಇಲ್ಲ ಬೇರೇದು ಕೊಡಬೇಕು, ಇಲ್ಲ ದುಡ್ಡು ವಾಪಸ್ ಕೊಡಬೇಕು. ಆಗಲ್ಲ ಅಂದರೆ ಜಿಲ್ಲೆಯಲ್ಲಿ ಗ್ರಾಹಕರ ಆಯೋಗ ಇದೆ, ಅರ್ಜಿ ನಾನು ಬರೆದುಕೊಡ್ತೀನಿ."

ಓಬಳಮ್ಮನ ಕಣ್ಣು ಅರಳಿತು. "ಅರ್ಜಿ ಆಮೇಲೆ ಬರೆಯೋರಂತೆ ಟೀಚರ್. ಮೊದ್ಲು ನನ್ನ ಹತ್ರ ಇರೋ ಆಯುಧ ಬಿಡ್ತೀನಿ" ಅಂದು ಮಗನ ಕಡೆ ತಿರುಗಿದಳು.

"ಲೇ! ಬಿಲ್ಲು ಹಿಡ್ಕೊ. ಅವನ ಅಂಗಡಿ ಬಾಗಿಲಲ್ಲಿ ಗೋಣಿಚೀಲ ಇಲ್ದಿರೋ ಕಡೆ ಸ್ಟೂಲು ಹಾಕ್ಕೊಂಡು ಕೂತ್ಕೊ. ಸರಿಯಾದ್ದು ಕೊಡೋವರ್ಗೂ ಏಳ್ಬೇಡ. ಯಾರಾದ್ರೂ ಕೇಳಿದ್ರೆ ನಿಜ ಹೇಳು. ಜಗಳ ಆಡ್ಬೇಡ!"

"ಆಡಲ್ಲ ಕಣವ್ವ!"

ಬೆಳಿಗ್ಗೆ ಪಾಲಾಕ್ಷಪ್ಪ ಬಾಗಿಲು ತೆಗೆಯುವಾಗಲೇ ಉಗ್ರಪ್ಪ ಕೂತಿದ್ದ. ಟಕ್ ಟಕ್. ಟಕ್ ಟಕ್.

"ಏಳಯ್ಯ!"

"ಏಳಂಗಿಲ್ಲ ಸಾವ್ಕಾರ್ರೆ, ಅವ್ವ ಹೇಳವ್ಳೆ." ಟಕ್ ಟಕ್.

ಮಗಳ ಮದುವೆಗೆ ಮಂಚ ಕೊಳ್ಳಲು ಒಬ್ಬ ಯಜಮಾನರು ಹೆಂಡತಿ ಜೊತೆ ಬಂದರು. "ಏನಪ್ಪ, ಇಲ್ಲಿ ಮಂಚ ಹೆಂಗೆ?"

"ಮಂಚ ನಂಗೆ ಗೊತ್ತಿಲ್ಲ ಯಜಮಾನ್ರೆ. ಸ್ಟೂಲು ಅಲ್ಲಾಡ್ತದೆ." ಟಕ್ ಟಕ್. "ಅಲ್ಲಾಡಿದ್ರೆ ವಾಪಸ್ ತಗೊಳ್ಳಲ್ಲ. ಅಗೋ ಬೋರ್ಡು, ಓದ್ಕೊಳ್ಳಿ. ಮಂಚ ಅಲ್ಲಾಡಿದ್ರೆ ನಿಮ್ಮನೆ ನೆಲ ತರ್ಬೇಕು. ಮಂಕರಿ ಬೇಕಾದ್ರೆ ನಮ್ಮನೇಲೈತೆ, ಕೊಡ್ತೀನಿ."

ಯಜಮಾನರು ಹೆಂಡತಿ ಮುಖ ನೋಡಿದರು. ಹೆಂಡತಿ ಬೀದಿ ನೋಡಿದಳು. ಹೋದರು.

ಬೀರು ಕೇಳಿ ಬಂದವರು ಹೋದರು. ಮೇಜು ಕೇಳಿ ಬಂದವರು ಹೋದರು. ಉಗ್ರಪ್ಪ ಒಂದು ಸುಳ್ಳು ಹೇಳಲಿಲ್ಲ, ಒಂದು ಜಗಳ ಆಡಲಿಲ್ಲ. ಪಾಲಾಕ್ಷಪ್ಪ ಗದರಿದ. ಟಕ್ ಟಕ್. ಬೈದ. ಟಕ್ ಟಕ್. ಟೀ ತರಿಸಿಕೊಟ್ಟ. ಟೀ ಕುಡಿದು, "ಒಳ್ಳೇ ಟೀ ಸಾವ್ಕಾರ್ರೆ" ಅಂದು, ಮತ್ತೆ ಟಕ್ ಟಕ್.

ಮಧ್ಯಾಹ್ನದ ಹೊತ್ತಿಗೆ ಪಾಲಾಕ್ಷಪ್ಪನ ತಲೆಯೊಳಗೂ ಟಕ್ ಟಕ್ ಶುರುವಾಯಿತು. ಒಳಗಿಂದ ಐದು ಸ್ಟೂಲು ತಂದು ಬರೀ ನೆಲದ ಮೇಲೆ ಸಾಲಾಗಿಟ್ಟ. ತಾನೇ ಒಂದೊಂದರ ಮೇಲೂ ಕೂತ. ಮೂರು ಟಕ್ ಅಂದವು. ಅವನಿಗೇ ನಾಚಿಕೆಯಾಯಿತು. ಅಲ್ಲಾಡದ್ದೊಂದನ್ನು ಕೈಗಿಟ್ಟ.

"ತಗೊಂಡು ಹೋಗಪ್ಪ, ನಿಂಗೆ ಕೈ ಮುಗೀತೀನಿ. ನಿಮ್ಮವ್ವನಿಗೆ ಹೇಳು, ತಪ್ಪಾಯ್ತು ಅಂತ."

ಅಷ್ಟಂದು ಸ್ಟೂಲು ಹತ್ತಿ ಬೋರ್ಡನ್ನು ಕೆಳಗಿಳಿಸಿದ. ಇಳಿಸುವಾಗ ಅವನ ಕಾಲ ಕೆಳಗೂ ಟಕ್ ಅಂತು.

ಓಬಳಮ್ಮ ಹೊಸ ಸ್ಟೂಲಿನ ಮೇಲೆ ಕೂತಳು. ಇತ್ತ ವಾಲಿದಳು, ಸದ್ದಿಲ್ಲ. ಅತ್ತ ವಾಲಿದಳು, ಸದ್ದಿಲ್ಲ. ಅವತ್ತಿನವರೆಗೆ ಬೈಗುಳ ಬಿಟ್ಟು ಬೇರೆ ಕೇಳದಿದ್ದ ಮಗನ ತಲೆ ಸವರಿದಳು.

"ಭಲೇ ನನ್ ಮಗನೇ! ಇನ್ಮೇಲೆ ಯಾವ್ದೇ ಆಗ್ಲಿ ಹಿಂಗೇ ಮಾಡು. ಕೆಟ್ಟಿದ್ರೆ ಕೊಟ್ಟೋರ ಬಾಗಿಲಿಗೇ ಹೊತ್ಕೊಂಡು ಹೋಗು. ಚೀಟಿ ತೋರ್ಸು. ನಾಚ್ಕೋಬೇಡ!"

"ಯಾವ್ದೇ ಆದ್ರೂನಾ ಅವ್ವ?"

"ಯಾವ್ದೇ ಆಗ್ಲಿ!"

ಹೇಳಬಾರದಿತ್ತು. ಹೇಳಿಬಿಟ್ಟಳು.

ಒಲೆಯ ಮುಂದಿನ ಗುಂಡಿಗೆ ಮಣ್ಣು ತುಂಬಿ ಸಾರಿಸಿದರು. ದೋಸೆ ಮತ್ತೆ ದುಂಡಗೆ ಬಂದವು, ಗಿರಾಕಿಗಳು ಮತ್ತೆ ಬಂದರು. ಒಂದು ವಾರ ಸುಖವಾಗಿ ಕಳೆಯಿತು. ಒಂದು ಬೆಳಿಗ್ಗೆ ವ್ಯಾಪಾರ ಮುಗಿಸಿ ಏಳುವಾಗ ಓಬಳಮ್ಮ, "ಅಯ್ಯಪ್ಪಾ! ಸ್ಟೂಲಿನ ಕಾಲೇನೋ ಸರಿಹೋಯ್ತು. ನನ್ನ ಕಾಲು ಕೆಟ್ಟು ಕೂತಾವಲ್ಲ!" ಅಂದಳು.

ಉಗ್ರಪ್ಪ ತಿನ್ನುತ್ತಿದ್ದ ದೋಸೆ ಕೆಳಗಿಟ್ಟ. ಯೋಚನೆ ಮಾಡಿದ. ಕೆಟ್ಟೈತೆ. ಕೊಟ್ಟೋರು ಯಾರು? ಅಪ್ಪನಿಗೆ ಅವ್ವನ್ನ ಕೊಟ್ಟೋರು ಅಜ್ಜಿ ಮನೆಯೋರು. ಚೀಟಿ? ದೇವರ ಪಟದ ಹಿಂದೆ ಅರಿಶಿನ ಹಚ್ಚಿದ ಹಳೇ ಲಗ್ನಪತ್ರಿಕೆ ಇತ್ತು. ಎಳೆದು ಜೇಬಿಗಿಟ್ಟ. ಬಗ್ಗಿ ತಾಯಿಯನ್ನು ಉಪ್ಪಿನ ಮೂಟೆಯ ಹಾಗೆ ಬೆನ್ನಿಗೇರಿಸಿಕೊಂಡ.

"ಲೇ! ಎಲ್ಲಿಗೋ! ಇಳಿಸೋ! ಊರೋರು ನೋಡ್ತಾರೆ!"

"ನಾಚ್ಕೋಬೇಡ ಕಣವ್ವ!"

ಊರು ದಾಟುವ ತನಕ ಓಬಳಮ್ಮ ಅವನ ತಲೆ ಮೊಟಕಿದಳು. ಕೆರೆ ಏರಿ ಬಂತು. ಅದು ತವರಿನ ದಾರಿ. ಒಲೆ ಬಿಟ್ಟು ಹೋಗಲಾಗದೆ ಆ ದಾರಿ ತುಳಿದು ಎರಡು ವರ್ಷವಾಗಿತ್ತು. ಅಲ್ಲಿಂದಾಚೆ ಮೊಟಕುವುದು ನಿಂತಿತು.

ಎಂಬತ್ತು ದಾಟಿದ ದುರುಗಜ್ಜಿ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಉಗ್ರಪ್ಪ ತಾಯಿಯನ್ನು ಅಜ್ಜಿಯ ಮುಂದೆ ಇಳಿಸಿದ.

"ಅಜ್ಜೀ, ಇದು ನೀನು ಕೊಟ್ಟಿದ್ದು ತಾನೇ?"

"ಏನ್ಲಾ ಕೊಟ್ಟಿದ್ದು?"

"ನಮ್ಮವ್ವನ್ನ."

"ಹೂಂ, ನಾನೇ ಕೊಟ್ಟಿದ್ದು."

"ಮಂಡಿ ಕೆಟ್ಟೈತೆ. ಇಗೋ ಚೀಟಿ. ಸರಿ ಇರೋದು ಕೊಡು. ಕೊಡೋವರ್ಗೂ ಏಳಲ್ಲ!" ಅಂದು ಅಲ್ಲೇ ಕೂತ.

ಓಬಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದುರುಗಜ್ಜಿ ಮಗಳ ಸುಟ್ಟ ಅಂಗೈ ನೋಡಿದಳು, ಊದಿದ ಮಂಡಿ ಒತ್ತಿ ನೋಡಿದಳು. ಆಮೇಲೆ ಮೊಮ್ಮಗನ ಕಡೆ ತಿರುಗಿದಳು.

"ಕೇಳ್ಲಾ ಇಲ್ಲಿ. ನಾನು ಕೊಟ್ಟಾಗ ಇವು ಜಿಂಕೆ ಕಾಲು! ಮೂವತ್ತು ವರ್ಷ ನೆಲಕ್ಕೆ ಕೂರ್ಸಿ ದೋಸೆ ಹುಯ್ಸಿದ್ದು ಯಾರು? ನಾವಾ? ತಿಂದೋರು ನೀವು! ಬೇರೆ ಗೀರೆ ಇಲ್ಲ ಹೋಗು. ರಿಪೇರಿ ಬೇಕಾದ್ರೆ ಮಾಡ್ಕೊಡ್ತೀನಿ. ಎಂಟು ದಿನ ಬಿಟ್ಟು ಹೋಗು!"

ಉಗ್ರಪ್ಪ ತಲೆ ಕೆರೆದುಕೊಂಡ. "ರಿಪೇರಿ ಆದ್ರೂ ಆಗ್ತದೆ ಅಂತ ಟೀಚರ್ ಹೇಳವ್ರೆ. ಆಯ್ತು" ಅಂದು ಎದ್ದು ಹೋದ.

ಎಂಟು ದಿನ ಗಿರಾಕಿಗಳು ಬಂದು ಬಂದು, "ಅವ್ವ ಎಲ್ಲೋ?" ಅಂದರೆ, "ರಿಪೇರಿಗೆ ಹೋಗವ್ಳೆ" ಅಂದ. ಅಲ್ಲಿ ದುರುಗಜ್ಜಿ ಹೊತ್ತಿಗೊಂದು ಸಲ ಹರಳೆಣ್ಣೆ ಕಾಯಿಸಿ ತಿಕ್ಕಿದಳು, ಬಿಸಿನೀರು ಹುಯ್ದಳು. ಓಬಳಮ್ಮ ಒಲೆ ಮುಟ್ಟಲಿಲ್ಲ. ಅಮ್ಮ ಮಾಡಿದ್ದು ಉಂಡಳು, ಜಗಲಿ ಮೇಲೆ ಕಾಲು ಚಾಚಿ ಮಲಗಿದಳು, ಹಳೆಯ ಗೆಳತಿಯರ ಜೊತೆ ಹರಟಿದಳು.

ಒಂಬತ್ತನೆಯ ದಿನ ಉಗ್ರಪ್ಪ ಬಂದ. ಓಬಳಮ್ಮ ತಾನೇ ನಡೆದುಕೊಂಡು ಅಂಗಳಕ್ಕಿಳಿದಳು. ಉಗ್ರಪ್ಪ ಅವಳ ಸುತ್ತ ಒಂದು ಸಲ ಬಂದು ನೋಡಿದ.

"ಅಲ್ಲಾಡಲ್ಲ! ಒಳ್ಳೇ ಕೆಲಸ ಅಜ್ಜಿ!"

"ಕೆಲಸವೇನೋ ಆಯ್ತು," ದುರುಗಜ್ಜಿ ಸೊಂಟ ಹಿಡಿದುಕೊಂಡು ಎದ್ದಳು, "ಎಂಟು ದಿನ ತಿಕ್ಕೀ ತಿಕ್ಕೀ ನನ್ನ ಸೊಂಟ ಕೆಟ್ಟುಹೋಯ್ತು ಕಣ್ರಪ್ಪ!"

ಹೊರಟಿದ್ದ ಉಗ್ರಪ್ಪ ನಿಂತ.

"ಅಜ್ಜೀ, ನಿನ್ನ ಕೊಟ್ಟೋರು ಯಾವೂರೋರು?"

"ಯಾಕ್ಲಾ?"

"ಲೇ ಉಗ್ರಾ, ಬ್ಯಾಡ ಕಣೋ!" ಓಬಳಮ್ಮ ಕೂಗಿದಳು. ಕೂಗುವಷ್ಟರಲ್ಲಿ ಅಜ್ಜಿ ಅವನ ಬೆನ್ನ ಮೇಲಿದ್ದಳು, ಅವನು ಬೀದಿಯಲ್ಲಿದ್ದ. ಓಬಳಮ್ಮ ಹೊಸ ಮಂಡಿ ಹಾಕಿಕೊಂಡು ಹಿಂದೆ ಓಡಿದಳು. ನೋಡಿದರೆ, ಅಜ್ಜಿ ಇಳಿಸು ಅನ್ನುತ್ತಿರಲಿಲ್ಲ. ಮುಂದಕ್ಕೆ ಕೈ ತೋರಿಸುತ್ತಿದ್ದಳು.

"ಆ ಹಳ್ಳ ದಾಟಿ ಎಡಕ್ಕೆ ತಿರುಗ್ಲಾ! ಬಿರ್ರನೆ ನಡಿ! ಅರವತ್ತು ವರ್ಷ ಆಯ್ತು ನಾನು ಆ ಊರು ನೋಡಿ!"