ಬಕೆಟ್ಟಿಗೆ ಬೀಳದ ಹುಳ

ಪಿಳ್ಳಮ್ಮ ತನ್ನ ಸೊಸೆಯ ಜೊತೆ ಎಲೆಕೋಸಿನ ಹೊಲದಲ್ಲಿ ಹುಳ ಆರಿಸುತ್ತಿದ್ದಳು. ಸಿಕ್ಕ ಹುಳವೆಲ್ಲ ಸೋಪಿನ ನೀರಿನ ಬಕೆಟ್ಟಿಗೆ ಬೀಳುತ್ತಿತ್ತು. ಹಸಿರು ಹುಳವೊಂದು ಎಲೆಯ ಮಡಿಕೆಯಲ್ಲಿ ಅವಿತು, ತನ್ನ ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ನೀರಿಗೆ ಬೀಳುವ ಸದ್ದು ಕೇಳುತ್ತಾ ಇನ್ನಷ್ಟು ಮುದುಡಿಕೊಳ್ಳುತ್ತಿತ್ತು.

ಸೊಸೆಯ ಬೆರಳು ಅದರ ಮೇಲೂ ಬಂತು. ಅದರ ಬೆನ್ನಿಗೆ ಅಕ್ಕಿನುಚ್ಚಿನಂಥ ಎರಡು ಬಿಳಿ ಗೂಡುಗಳು ಅಂಟಿಕೊಂಡಿದ್ದವು. ಅವನ್ನು ನೋಡಿದ ಪಿಳ್ಳಮ್ಮ ಸೊಸೆಯ ಕೈ ಹಿಡಿದಳು.

"ಅದನ್ನ ಮುಟ್ಟಬೇಡ ಕಣಮ್ಮ, ಇರ್ಲಿ. ಅದರಿಂದ ನಮ್ಗೆ ಕೆಲ್ಸ ಐತೆ."

ಇಬ್ಬರೂ ಮುಂದಿನ ಸಾಲಿಗೆ ಹೋದರು. ಹುಳಕ್ಕೆ ಹೋದ ಜೀವ ಬಂದಂತಾಯಿತು. ಪಕ್ಕದ ಎಲೆಯಲ್ಲಿ ಬಲೆ ನೇಯುತ್ತಿದ್ದ ಜೇಡಕ್ಕೆ ಅದು ಹೇಳಿತು: "ನೋಡಿದೆಯಾ? ಇಡೀ ಹೊಲದಲ್ಲಿ ನನಗೊಬ್ಬನಿಗೇ ಅಭಯ ಸಿಕ್ಕಿತು."

"ಅಭಯ ಸಿಕ್ಕಿದ್ದು ನಿನಗಲ್ಲ," ಎಂದಿತು ಜೇಡ.

"ಮತ್ತೆ ಯಾರಿಗೆ? ಇಲ್ಲಿ ಇರುವವನು ನಾನೊಬ್ಬನೇ."

"ಹೋದ ವಾರ ಸಣ್ಣ ಕಣಜದ ಹುಳವೊಂದು ಹಾರಿಬಂದು ನಿನ್ನನ್ನು ಚುಚ್ಚಿತಲ್ಲ, ನೆನಪಿದೆಯೇ?"

"ಇದೆ. ಆದರೆ ನಾನು ಸಾಯಲಿಲ್ಲ. ಅಂದಿನಿಂದ ಹಸಿವು ಇನ್ನೂ ಹೆಚ್ಚಾಗಿದೆ."

"ಅದು ಕೊಲ್ಲಲು ಬಂದಿರಲಿಲ್ಲ, ನಿನ್ನೊಳಗೆ ಮೊಟ್ಟೆ ಇಡಲು ಬಂದಿತ್ತು. ಎರಡು ಮರಿ ಈಗಾಗಲೇ ಹೊರಗೆ ಬಂದು ನಿನ್ನ ಬೆನ್ನ ಮೇಲೆ ಗೂಡು ಕಟ್ಟಿವೆ. ಅವು ಕಣಜಗಳಾಗಿ ಹೊಲದ ಹುಳಗಳನ್ನೆಲ್ಲ ಹೀಗೇ ಚುಚ್ಚಲಿ ಎಂದೇ ಆಕೆ ನಿನ್ನನ್ನು ಬಿಟ್ಟದ್ದು. ಉಳಿದವು..."

ಜೇಡ ಹಿಂದೆ ಸರಿಯಿತು.

ಹುಳ ಎಲೆ ಕಚ್ಚಲು ಬಾಯಿ ತೆರೆಯಿತು. ಅಷ್ಟರಲ್ಲಿ ಹೊಟ್ಟೆಯೊಳಗೆ ಯಾರೋ ಮಗ್ಗುಲು ಬದಲಿಸಿದರು.

ದೂರ ಹೋಗುತ್ತಿದ್ದ ಪಿಳ್ಳಮ್ಮನನ್ನು ಹುಳ ಕೂಗಿ ಕರೆಯಿತು: "ಅಮ್ಮಾ, ಹೋಗಬೇಡ! ನನ್ನನ್ನೂ ಬಕೆಟ್ಟಿಗೆ ಹಾಕು!"